ಅಕ್ಕನ ಬಾವಿಯ ಎರಡು ಬಾಟಲಿ

ಪರಿಸರ ಸಂರಕ್ಷಣೆಯಲ್ಲಿ ಎಂ.ಎಸ್ಸಿ. ಮಾಡಿದ್ದಕ್ಕೆ ಎಷ್ಟು ಬಿತ್ತು ಎಂದು ಚಿಕ್ಕೋಡಿಯ ನನ್ನ ಅಂಗಡಿಗೆ ಬಂದವರು ಈಗಲೂ ಕೇಳುತ್ತಾರೆ. ಅವರು ಕೇಳುವುದು ಫೀ ಬಗ್ಗೆ. ಫೀ ಎಲ್ಲಕ್ಕಿಂತ ಅಗ್ಗದ ಬಾಬತ್ತು, ಅದನ್ನು ಕಂತು ಮಾಡಿ ಕಟ್ಟಿದೆ, ಮುಗಿಯಿತು. ಎರಡು ವರ್ಷದ ಭಾನುವಾರಗಳು ಬೆಳಗಾವಿ ಬಸ್ಸಿನಲ್ಲಿ ಹೋದವು, ಅದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತುಟ್ಟಿ ಬಿದ್ದದ್ದು ಬೇರೆ. ಒಂದು ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದಾಗ ಅವಳು ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, ಚಹಾ ಕೊಟ್ಟು, ಪರಕೀಯನ ಜೊತೆ ಮಾತಾಡುವ ಹಾಗೆ, "ಈ ಸಲ ಬರೂದ ಆಗೂದಿಲ್ರಿ" ಎಂದಳು. ನನ್ನನ್ನು ಎತ್ತಿ ಆಡಿಸಿದ ಅಕ್ಕ ನನಗೆ 'ರಿ' ಹಚ್ಚಿದಳು. ಆ ಬೆಲೆಯನ್ನು ಯಾವ ಚೌಕಾಸಿಯಿಂದಲೂ ಇಳಿಸಲಾಗಲಿಲ್ಲ.

ಯಾಕೆ ಓದಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪರಿಸರದ ಮೇಲಿನ ಪ್ರೀತಿಯಿಂದ ಅಲ್ಲ. ನನ್ನದು ಹಳೆ ಮೋಟಾರ್ ಪಂಪುಗಳನ್ನು ಕೊಂಡು, ರಿಪೇರಿ ಮಾಡಿ, ಮಾರುವ ವ್ಯಾಪಾರ. ಅಂಕಲಿಯಿಂದ ಕಾಗವಾಡದವರೆಗೆ, ಇತ್ತ ರಾಯಬಾಗ, ಅತ್ತ ಅಥಣಿ, ಹೊಳೆಸಾಲಿನ ಬಾವಿಗಳಲ್ಲಿ ಎಷ್ಟೋ ಕಡೆ ನಾನು ಕೊಟ್ಟ ಮೋಟಾರ್ ಇದೆ. ಕೆಲವು ಊರುಗಳಿಗೆ ಕೊಟ್ಟ ಪಂಪು ಎರಡನೇ ವರ್ಷಕ್ಕೇ ಒಳಗೆಲ್ಲ ತಿಂದುಹೋಗಿ ವಾಪಸ್ ಬರುತ್ತಿತ್ತು. "ಕೆಟ್ಟ ಮಾಲ್ ಕೊಟ್ರಿ" ಎಂದು ರೈತರ ಜಗಳ. ಮಾಲು ಕೆಟ್ಟದ್ದಲ್ಲ, ನೀರು ಕೆಟ್ಟದ್ದು ಎಂದು ನನಗೆ ಗೊತ್ತಿತ್ತು, ಆದರೆ ಬಾಯಿಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅದೂ ಅಲ್ಲದೆ, ಈಗ ಸಣ್ಣ ಡೇರಿಯವನಿಗೂ ಹೊಲಸು ನೀರು ತಿಳಿ ಮಾಡುವ ಟಾಕಿ ಬೇಕು. ಅದನ್ನು ಕಟ್ಟಿಸುವ ಮಾತುಕತೆಗೆ ಪದವಿ ಇದ್ದವನನ್ನು ಕುರ್ಚಿ ಹಾಕಿ ಕರೆಯುತ್ತಾರೆ, ಇಲ್ಲದವನನ್ನು ಬಾಗಿಲಲ್ಲೇ ಮಾತಾಡಿಸುತ್ತಾರೆ. ಹರೆಯದಲ್ಲಿ ಬಿ.ಎಸ್ಸಿ. ಮುಗಿಸಿ ಬಿಟ್ಟಿದ್ದೆ. ತಲೆ ಬೆಳ್ಳಗಾಗುವ ಹೊತ್ತಿಗೆ ಮತ್ತೆ ಕಾಲೇಜಿಗೆ ಹೆಸರು ಹಚ್ಚಿದೆ.

ಎರಡನೇ ವರ್ಷ ಸ್ವಂತವಾಗಿ ಒಂದು ಅಧ್ಯಯನ ಮಾಡಬೇಕಿತ್ತು. ನನ್ನ ಮಾರ್ಗದರ್ಶಕಿ ನನಗಿಂತ ಬಹಳ ಚಿಕ್ಕವರು, ಮೆತ್ತಗೆ ಮಾತಾಡುವವರು, ಅಂಕ ಕೊಡುವುದರಲ್ಲಿ ಬಿಗಿ ಕೈಯವರು. ಕಬ್ಬಿನ ಹೊಲಗಳ ನಡುವಿನ ಬಾವಿ ನೀರಿನ ಮೇಲೆ ಮಾಡುತ್ತೇನೆ ಎಂದೆ, ಒಪ್ಪಿದರು. ಇಪ್ಪತ್ತು ಬಾವಿ ಆರಿಸಿಕೊಂಡೆ. ಅದರಲ್ಲಿ ಒಂದು ರಾಯಬಾಗ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯದು.

ಆ ಬಾವಿಯ ವಿಷಯ ಸ್ವಲ್ಪ ಹೇಳಬೇಕು. ಸುತ್ತ ಸವಳು ಭೂಮಿ, ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೂತಿರುತ್ತದೆ. ಊರಿನ ಉಳಿದ ಬಾವಿಗಳ ನೀರು ಬಾಯಿಗೆ ಇಡಲಾಗದು. ಅಕ್ಕನ ಮನೆಯ ಬಾವಿ ಮಾತ್ರ ಸಿಹಿ. ಆ ನೀರಲ್ಲಿ ತೊಗರಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಮದುವೆ ಮನೆಯವರು ಬ್ಯಾರಲ್ ತಂದು ಒಯ್ಯುತ್ತಾರೆ. ಆ ಮನೆಗೆ ಕಬ್ಬಿನ ಹೊಲ ಇದೆ, ದನಗಳಿವೆ, ಆದರೆ ಊರಲ್ಲಿ ಅವರ ಮನೆಗೆ ಇರುವ ಹೆಸರು 'ಸಿಹಿನೀರಿನವರು'. ಅಕ್ಕ ಆ ಹೆಸರನ್ನು ಸೆರಗಿನ ಹಾಗೆ ಹೊದ್ದುಕೊಂಡವಳು.

ನೀರು ತುಂಬಿಸಿಕೊಳ್ಳುವುದಕ್ಕೆ ನಾನು ವ್ಯಾಪಾರಿಯ ದಾರಿಯನ್ನೇ ಹಿಡಿದೆ. ವಸೂಲಿಗೆ, ರಿಪೇರಿಗೆ ಹೋದ ಕಡೆಯೆಲ್ಲ ರೈತರ ಕೈಯಲ್ಲಿ ಶುದ್ಧ ಮಾಡಿದ ಬಾಟಲಿ ಕೊಟ್ಟೆ. "ನಾಳೆ ಮುಂಜಾನಿ ಬಾವಿ ನೀರು ತುಂಬಿಡ್ರಿ, ಹೊಳ್ಳಿ ಬರೂಮುಂದ ಒಯ್ತೀನಿ." ಮರುದಿನ ಬರ್ಫದ ಡಬ್ಬಿ ಇಟ್ಟುಕೊಂಡು ಒಂದೇ ಸುತ್ತಿನಲ್ಲಿ ಎಲ್ಲ ಸೇರಿಸಿದೆ. ಅದೇ ಸುತ್ತಿನಲ್ಲಿ ಎರಡು ಮೋಟಾರಿನ ವ್ಯಾಪಾರವನ್ನೂ ಮುಗಿಸಿದೆ. ಅಕ್ಕನ ಮನೆಯಲ್ಲಂತೂ ಕಟ್ಟೆಯ ಮೇಲೆ ಕೂತು ಅವಳ ಗಂಡನ ಜೊತೆ, ನಮ್ಮ ಕಡೆ ದಾಜಿ ಅನ್ನುತ್ತೇವೆ, ಪೈಪಿನ ಮಾತಾಡುತ್ತಿದ್ದೆ. ಅಕ್ಕ ಒಳಗಿನಿಂದ ತುಂಬಿದ ಬಾಟಲಿ ತಂದು ಕೈಗಿಟ್ಟಳು.

ಪ್ರಯೋಗಾಲಯದಿಂದ ಬಂದ ಉತ್ತರ ಚೆನ್ನಾಗಿತ್ತು. ಇಪ್ಪತ್ತರಲ್ಲಿ ಹದಿನಾಲ್ಕೋ ಹದಿನೈದೋ ಬಾವಿಗಳ ನೀರು ತಿಳಿ, ಉಪ್ಪು ಕಡಿಮೆ, ಯಾವ ದೋಷವೂ ಇಲ್ಲ. ಅಕ್ಕನ ಬಾವಿ ಎಲ್ಲಕ್ಕಿಂತ ಮೇಲೆ. ಮಾರ್ಗದರ್ಶಕಿ ನೋಡಿ, "ನಿಮ್ಮ ಬಾವಿಗಳೆಲ್ಲಾ ಒಂದ ತಾಯಿ ಮಕ್ಕಳ ಹಂಗ ಅದಾವಲ್ರಿ ಸರ್" ಎಂದರು. "ಒಂದ ಹೊಳಿ ನೀರಲ್ರಿ ಮೇಡಂ" ಎಂದು ಉತ್ತರ ಕೊಟ್ಟೆ. ಉತ್ತರ ಕೊಡುವುದು ನನ್ನ ಕಸುಬು, ಬಾಯಿಗೆ ತಡವಾಗುವುದಿಲ್ಲ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಊರಿಗೆ ಹೇಳಿದಳು.

ಆಗ ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಹೆಣ್ಣುಕೂಸು, ಮೂರು ತಿಂಗಳು ತುಂಬಿರಲಿಲ್ಲ. ತಾಯಿಗೆ ಹಾಲು ಸಾಲದೆ ಪುಡಿ ಹಾಲು ಹಚ್ಚಿದ್ದರು. ಊರಲ್ಲಿ ನಾಣ್ಯ ಹಾಕಿದರೆ ಕ್ಯಾನಿಗೆ ಬೀಳುವ ಫಿಲ್ಟರ್ ನೀರು ಇದೆ, ಅಕ್ಕನ ಮನೆಯಲ್ಲೂ ಒಂದು ಕ್ಯಾನ್ ಇರುತ್ತದೆ, ಬಂದವರಿಗೆ ಕೊಡಲು. ಆದರೆ ಕೂಸಿಗೆ ಅದನ್ನು ಮುಟ್ಟಿಸುತ್ತಿರಲಿಲ್ಲ. "ಮಷೀನ್ ನೀರಿನಾಗ ಏನ ಸತ್ವ ಇರತೈತಿ" ಎನ್ನುವುದು ಅಕ್ಕನ ಮಾತು. ಬಾವಿ ನೀರನ್ನು ತಾಮ್ರದ ಚರಿಗೆಯಲ್ಲಿ ಚೆನ್ನಾಗಿ, ಕಾಲುಭಾಗ ಇಂಗುವವರೆಗೆ ಕುದಿಸಿ, ಆರಿಸಿ, ಅದರಲ್ಲಿ ಪುಡಿ ಕಲಸುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ನಾನು ಮೋಟಾರಿಗೆ ತಂತಿ ಸುತ್ತುವ ನನ್ನ ವೈಂಡಿಂಗ್ ಕೆಲಸವನ್ನೂ ಮಾಡಿಲ್ಲ.

ಆಷಾಢದ ಒಂದು ಮಧ್ಯಾಹ್ನ ಸೊಸೆ, ಅಂದರೆ ಅಕ್ಕನ ಮಗಳು, ಕೂಸನ್ನು ಎತ್ತಿಕೊಂಡು ಒಬ್ಬಳೇ ನನ್ನ ಅಂಗಡಿಗೆ ಬಂದಳು. ಚಿಕ್ಕೋಡಿ ದವಾಖಾನೆಗೆ ಬಂದಿದ್ದಳಂತೆ. ಕೂಸು ಅಳುತ್ತಿರಲಿಲ್ಲ. ಅಳಬೇಕಾದ ಹೊತ್ತಿನಲ್ಲಿ ಅಳದ ಕೂಸನ್ನು ನೋಡುವುದು ಬಹಳ ಕಷ್ಟ. ತುಟಿಯ ಅಂಚು ಸ್ವಲ್ಪ ಕಪ್ಪಗೆ, ನೇರಳೆ ತಿಂದವರ ಹಾಗೆ.

"ಅವ್ವ ದೃಷ್ಟಿ ಆಗೇತಿ ಅಂತಾಳ ಮಾಮಾ. ಡಾಕ್ಟರು ಹಾಲಿಗಿ ಯಾವ ನೀರು ಹಾಕ್ತೀರಿ ಅಂತ ಕೇಳಿದ್ರು. ಬಾವೀದು ಅಂದ್ನಿ."

"ಏನಂದ್ರು?"

"ನೀರು ತಪಾಸ ಮಾಡಿಸ್ರಿ ಅಂದ್ರು. ನಮ್ಮ ಮಾಮಾ ಬೆಳಗಾವಿಗಿ ಒಯ್ದು ತಪಾಸ ಮಾಡಿಸ್ಯಾನ, ನಮ್ಮ ಬಾವಿನ ಮೊದಲನೆ ನಂಬರ್ ಅಂತ ಹೇಳಿದ್ನಿ. ಹಂಗಾದ್ರ ನೀರಿನ ತಂಟೆ ಇಲ್ಲ ಬಿಡ್ರಿ, ರಕ್ತ ನೋಡೋಣ ಅಂದ್ರು."

ಅವಳು ಅದನ್ನು ನನಗೆ ಧೈರ್ಯ ಹೇಳುವವರ ಹಾಗೆ ಹೇಳಿದಳು. ನನಗೆ ಅಂಗಡಿಯ ಸದ್ದೆಲ್ಲ ದೂರ ಹೋದಂತಾಯಿತು. ಎಳೆಕೂಸು, ಬಾವಿ ನೀರು, ಪುಡಿ ಹಾಲು, ನೀಲಿ ತುಟಿ. ನಾಲ್ಕೂ ಒಂದೇ ಪಾಠದಲ್ಲಿ ಬರುವ ಮಾತುಗಳು, ಹೋದ ವರ್ಷವಷ್ಟೇ ಬರೆದು ಅಂಕ ತೆಗೆದುಕೊಂಡಿದ್ದೆ. ಹೊಲಕ್ಕೆ ಸುರಿದ ಯೂರಿಯಾ, ತಿಪ್ಪೆಯ ರಸ ಇಳಿದಿಳಿದು ನೀರಲ್ಲಿ ನೈಟ್ರೇಟ್ ಆಗುತ್ತದೆ. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ದೊಡ್ಡವರು ತಾಳಿಕೊಳ್ಳುತ್ತಾರೆ. ಎಳೆಕೂಸಿನ ರಕ್ತ ಉಸಿರನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಲ್ಲಿ ಗಟ್ಟಿಯಾಗುತ್ತದೆ.

ಆದರೆ ತಪಾಸಣೆ ಚೆನ್ನಾಗಿ ಬಂದಿತ್ತಲ್ಲ?

ಹಳೆ ಮೋಟಾರ್ ಕೊಳ್ಳುವಾಗ ನನ್ನದೊಂದು ಪದ್ಧತಿ ಇದೆ. ಹೊಸ ಪೇಂಟ್ ಹೊಳೆಯುತ್ತಿದ್ದರೆ ಮೊದಲು ಉಗುರಿನಿಂದ ಕೆರೆದು ನೋಡುತ್ತೇನೆ. ನೀರಿನ ವಿಷಯದಲ್ಲಿ ಕೆರೆದಿರಲಿಲ್ಲ. ಸವಳು ಭೂಮಿಯ ನಡುವಿನ ಹದಿನಾಲ್ಕು ಬಾವಿಗಳು ಒಂದೇ ಹದಕ್ಕೆ, ಅಷ್ಟು ತಿಳಿಯಾಗಿ ಬರುವುದು ಹೇಗೆ? ಅವೇ ಬಾವಿಗಳ ನೀರು ನನ್ನ ಪಂಪುಗಳನ್ನು ತಿಂದು ಹಾಕುತ್ತಿತ್ತಲ್ಲ?

"ಇವತ್ತಿಂದ ಕೂಸಿಗಿ ಕ್ಯಾನ್ ನೀರು ಹಾಕು. ಈಗಿಂದೀಗ ಮೊದಲ ಡಾಕ್ಟರ ಕಡೆ ನಡಿ, ನಾನೂ ಬರ್ತೀನಿ" ಎಂದೆ. ಡಾಕ್ಟರಿಗೆ ತಪಾಸಣೆಯ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಾನೇ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೂಸನ್ನು ಎರಡು ದಿನ ಅಲ್ಲೇ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಬಾಟಲಿ ತೆಗೆದುಕೊಂಡು ಅಕ್ಕನ ಊರಿಗೆ ಹೋದೆ. ದಾಜಿ ಮೋಟಾರ್ ಚಾಲೂ ಮಾಡಿದರು. ಪೈಪಿನಲ್ಲಿ ನಿಂತ ಹಳೆ ನೀರು ಹರಿದು ಹೋಗಲಿ ಎಂದು ನಾನು ಸುಮ್ಮನೆ ಕಾಯುತ್ತ ನಿಂತೆ. ಬಾವಿಯಿಂದ ನಾಲ್ಕು ಮಾರು ದೂರಕ್ಕೆ ತಿಪ್ಪೆ. ಅದರ ಆಚೆಯಿಂದಲೇ ಕಬ್ಬು, ಯೂರಿಯಾ ಉಂಡು ಕಡುಹಸಿರಾದ ಕಬ್ಬು. ಎಷ್ಟು ಸಲ ಈ ಕಟ್ಟೆಯ ಮೇಲೆ ಕೂತಿದ್ದೇನೋ, ತಿಪ್ಪೆಯನ್ನು ನೋಡಿದ್ದು ಅವತ್ತೇ.

ಅಕ್ಕ ಬಂದಳು. "ಮತ್ತ ಯಾಕ ಬಾಟ್ಲಿ? ಹೋದ ಸಲ ಕೊಟ್ಟಿದ್ನಲ್ಲ."

"ಹೋದ ಸಲ ಎಲ್ಲಿಂದ ತುಂಬಿದ್ದಿ ಅಕ್ಕಾ?"

ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ. "ಆ ವಾರ ಮಳಿ ಬಿದ್ದು ಬಾವಿ ನೀರು ಕೆಂಪಗ ಆಗಿತ್ತು. ಕ್ಯಾನಿಂದ ತುಂಬಿದ್ನಿ. ಬೆಳಗಾವಿಗಿ ಹೋಗೂ ನೀರು ಹಂಗ ರಾಡಿ ಕೊಡ್ಲೇನು? ಹೆಣ್ಣ ನೋಡಾಕ ಬಂದಾಗ ಮಾರಿ ತೊಳಸದ ಹೊರಗ ಕರಕೊಂಡ ಬರ್ತಾರೇನು?"

"ಅದು ಬಾವಿ ನೀರಲ್ಲಲ್ಲ."

"ನಾಕ ದಿನದಾಗ ತಿಳಿ ಆತು ತಗೊ. ತಿಳಿ ಆದ ಮ್ಯಾಲೆ ಅದಕ್ಕೂ ಇದಕ್ಕೂ ಏನ ಫರಕ?"

ಆಮೇಲೆ ಉಳಿದ ಊರುಗಳಲ್ಲೂ ವಿಚಾರಿಸಿದೆ. ಬಹುತೇಕ ಎಲ್ಲರೂ ಅದನ್ನೇ ಮಾಡಿದ್ದರು. ಕಾಗವಾಡ ಕಡೆಯ ದ್ರಾಕ್ಷಿ ತೋಟದ ಹಿರಿಯರೊಬ್ಬರು, "ನೀವು ಮನಿಗಿ ಬಂದ್ರ ಫಿಲ್ಟರ್ ನೀರು ಕೊಡ್ತೀವಿ, ನಿಮ್ಮ ಬಾಟ್ಲಿಗಿ ಸವಳ ನೀರು ತುಂಬಿದ್ರ ನಮ್ಮ ಮರ್ಯಾದಿ ಏನ ಉಳೀತು" ಎಂದರು. ಅವರ ಕಡೆಯಿಂದ ಅದು ನನಗೆ ಮಾಡಿದ ಉಪಚಾರ. ಮನೆಗೆ ಬಂದವನಿಗೆ ಒಳ್ಳೆಯದನ್ನೇ ಕೊಡುವ ಜನರಿಂದ ಕೆಟ್ಟ ನೀರು ಬೇಕಿದ್ದರೆ ನಾವೇ ಹೋಗಿ ಸೇದಬೇಕು, ಕೇಳಿ ಪಡೆಯಲಾಗುವುದಿಲ್ಲ.

ಅಕ್ಕನ ಬಾವಿಯ ಎರಡನೇ ಬಾಟಲಿಯಲ್ಲಿ ನೈಟ್ರೇಟ್ ಮಿತಿ ದಾಟಿತ್ತು, ಸ್ವಲ್ಪವಲ್ಲ.

ಅದನ್ನು ಅವಳಿಗೆ ಹೇಳಿದ ದಿನ ಸೊಸೆ ಕೂಸಿನ ಜೊತೆ ದವಾಖಾನೆಯಿಂದ ವಾಪಸ್ ಬಂದಿದ್ದಳು. ಕೂಸು ಸ್ವಲ್ಪ ಹುಷಾರಾಗಿತ್ತು. ಒಲೆಯ ಮೇಲೆ ಚರಿಗೆ ಕುದಿಯುತ್ತಿತ್ತು. ಬಾವಿ ನೀರು.

ನಾನು ಹೇಳುವಷ್ಟೂ ಹೇಳಿದೆ. ಅಕ್ಕ ಸೆರಗಿನಿಂದ ಚರಿಗೆ ಹಿಡಿದು ಇಳಿಸಿದಳು. "ಮೊದಲ ನೀನ ಚಲೋ ಅಂದಿ. ಈಗ ನೀನ ಕೆಟ್ಟದ್ದು ಅಂತಿ. ಇದೇನ ಮೋಟಾರ್ ವ್ಯಾಪಾರ ಅಂತ ತಿಳದಿಯೇನು, ಕೊಡೂಮುಂದ ಒಂದ ಮಾತು, ತಗೊಳ್ಳೂಮುಂದ ಒಂದ ಮಾತು?"

ಸಿಟ್ಟು ಬರಲಿಲ್ಲ. ಚೌಕಾಸಿಯಲ್ಲಿ ಸಿಟ್ಟಾದವನು ಸೋತ ಎಂದು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ಬೆಲೆ ಇಳಿಸಿದೆ. "ಬಾವಿ ಮುಚ್ಚು ಅಂತ ನಾ ಅನ್ನೂದಿಲ್ಲ. ನೀವು ಕುಡೀರಿ, ಅಡಗಿ ಮಾಡ್ರಿ. ಊರಿಗಿ ಹೇಳೂದಿಲ್ಲ, ನನ್ನ ಬರವಣಿಗಿಯೊಳಗ ಊರ ಹೆಸರೂ ಹಾಕೂದಿಲ್ಲ. ಕೂಸಿನ ಬಾಟ್ಲಿ ಒಂದ ನನಗ ಬಿಡು."

ಅವಳೂ ನನ್ನ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವಳು. "ಕೂಸಿಗಿ ಆಗದ ನೀರು ಊರಿಗಿ ಹೆಂಗ ಆಗತೈತಿ? ಕೂಸಿಗಿ ಬ್ಯಾಡ ಅಂದ್ರ ಬಾವೀನ ಬ್ಯಾಡ ಅಂದಂಗ. ನನ್ನ ಗಂಡ ಇದ ನೀರು ಕುಡದ ಬೆಳದಾನ. ಇಕಿನೂ ಇದನ್ನ ಕುಡದ ಬೆಳದಾಳ. ನಾಳೆ ಸಿಹಿನೀರಿನವರ ಮನ್ಯಾಗ ಕೂಸಿಗಿ ಕ್ಯಾನ್ ನೀರು ಹಾಕ್ತಾರ ಅಂತ ಮಂದಿ ಅಂದ್ರ ನಾ ಎಲ್ಲಿ ಮಾರಿ ಇಟಕೊಳ್ಳಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅಂದಿನ ಬಾವಿಯ ಸುತ್ತ ಇಷ್ಟು ಕಬ್ಬು, ಇಷ್ಟು ಗೊಬ್ಬರ ಇರಲಿಲ್ಲ, ಮಕ್ಕಳು ತಾಯಿ ಹಾಲು ಕುಡಿದು ಬೆಳೆದವು, ಪುಡಿ ಹಾಲಲ್ಲ. ಹೇಳಿದೆ ಕೂಡ. ಆದರೆ ಅವಳು ಕೇಳುತ್ತಿದ್ದದ್ದು ನೀರಿನ ಪ್ರಶ್ನೆಯಲ್ಲ.

ಆ ಜಗ್ಗಾಟ ಮುರಿದದ್ದು ಸೊಸೆ. ಗೋಡೆಗೆ ಒರಗಿ ಕೂತಿದ್ದವಳು ಎದ್ದು ಕೂಸಿನ ಬಟ್ಟೆ ಮಡಚತೊಡಗಿದಳು. "ಮಾಮಾ, ಗಾಡಿ ತಂದಿಯಲ್ಲ? ಬೋರಗಾಂವಕ್ಕ, ಗಂಡನ ಮನಿಗಿ ಬಿಟ್ಟ ಬಾ."

"ಆಷಾಢದಾಗ ಬಾಣಂತಿ ಹೊಸ್ತಲಾ ದಾಟ್ತಾಳಂತ" ಎಂದಳು ಅಕ್ಕ, ಯಾರನ್ನೂ ನೋಡದೆ.

"ದಾಟ್ತೀನಿ ಅವ್ವಾ. ನಿನ್ನ ಬಾವೀಗಿ ನಾ ಏನೂ ಅನ್ನೂದಿಲ್ಲ. ನಾ ಇಲ್ಲಿದ್ರ ನೀ ನನ್ನ ಕಣ್ಣ ತಪ್ಪಿಸಿ ಕೂಸಿಗಿ ಅದ ನೀರು ಹಾಕ್ತಿ, ಪ್ರೀತಿಲೇ ಹಾಕ್ತಿ. ಅದಕ್ಕ ಹೊಂಟೀನಿ."

ಐದನೇ ತಿಂಗಳು ಉಡಿ ತುಂಬಿ, ತೊಟ್ಟಿಲು ಕೊಟ್ಟು, ಹತ್ತು ಮನೆಯವರನ್ನು ಕರೆದು ಕಳಿಸಬೇಕಾದ ಮಗಳು ಒಂದು ಬಟ್ಟೆ ಚೀಲದ ಜೊತೆ ನನ್ನ ಟೆಂಪೊದಲ್ಲಿ ಹೋದಳು. ಅಕ್ಕ ಹೊರಗೆ ಬರಲಿಲ್ಲ. ದಾಜಿ ಓಡಿಬಂದು ಕೂಸಿನ ಕೈಯಲ್ಲಿ ನೋಟು ಹಿಡಿಸಿ, ನನಗೆ "ಹಳ್ಳಾ ಹಾದು ಹೋಗಬ್ಯಾಡ, ರಸ್ತಾ ಕೆಟ್ಟೈತಿ" ಎಂದಷ್ಟೇ ಹೇಳಿದರು. ಬೋರಗಾಂವದ ಅವಳ ಮನೆಯ ಹಿಂದೆ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಅಷ್ಟು ಸದ್ದಿಗೆ ಕೂಸು ಬೆಚ್ಚಿ ಅತ್ತಿತು, ಜೋರಾಗಿ. ಸೊಸೆ ಅಳುವ ಕೂಸನ್ನು ಸಮಾಧಾನ ಮಾಡದೆ ಸ್ವಲ್ಪ ಹೊತ್ತು ಹಾಗೇ ಕೇಳುತ್ತ ನಿಂತಳು. ಅಲ್ಲಿಯ ನಳದ ನೀರನ್ನೂ ನಾನು ಬಿಡಲಿಲ್ಲ, ಅವತ್ತೇ ತುಂಬಿಕೊಂಡು ಹೋದೆ. ಅದು ಮಿತಿಯೊಳಗಿತ್ತು.

ಕೂಸು ತಿಂಗಳೊಪ್ಪತ್ತಿನಲ್ಲಿ ಸುಧಾರಿಸಿತು. ನೀರೊಂದೇ ಕಾರಣ ಎಂದು ಡಾಕ್ಟರು ಯಾವತ್ತೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನೀರು ಬದಲಿಸಿದ್ದು ಒಳ್ಳೆಯದಾಯಿತು ಎಂದರು. ನನಗೆ ಅಷ್ಟು ಸಾಕು.

ಮೊದಲಿನ ಇಪ್ಪತ್ತು ಫಲಿತಾಂಶಗಳನ್ನೂ ಕೈಬಿಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ. ಮಾರ್ಗದರ್ಶಕಿ ಬೈಯಲಿಲ್ಲ, "ಈಗ ಓದಾಕ ಶುರು ಮಾಡಿದ್ರಿ ಸರ್" ಎಂದರು. ಪ್ರತಿ ಬಾವಿಗೂ ನಾನೇ ಹೋಗಿ, ಮೋಟಾರ್ ಚಾಲೂ ಮಾಡಿಸಿ, ಕೈಯಾರೆ ತುಂಬಿದೆ. ಗಿರಾಕಿಗಳಿಗೆ ಅದು ಹಿಡಿಸಲಿಲ್ಲ. "ನಮ್ಮ ಮ್ಯಾಲೆ ನಂಬಿಕಿ ಹೋತೇನ್ರಿ" ಎಂದು ಕೆಲವರು ಮುಖ ತಿರುಗಿಸಿದರು. ಅರ್ಧ ವರ್ಷ ಹೋಯಿತು. ಈ ಸಲದ ಬಾವಿಗಳು ಒಂದೊಂದೂ ಒಂದೊಂದು ತರ ಇದ್ದವು, ಅರ್ಧಕ್ಕೂ ಹೆಚ್ಚು ಬಾವಿಗಳ ನೀರು ಕೂಸುಗಳಿಗೆ ಆಗದ್ದು.

ಪಂಚಮಿಗೆ ಅಕ್ಕ ಬರಲಿಲ್ಲ, ಆಗಲೇ ಹೇಳಿದೆ. ಆಮೇಲೆ ಬಹಳ ದಿನ ಆ ಕಡೆ ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಅವಳ ಊರಿನ ರೈತನೊಬ್ಬ ಅಂಗಡಿಗೆ ಬಂದು ನಗುತ್ತ, "ಖಾಸ ಅಕ್ಕಗ ಎಂಥಾ ಮೋಟಾರ್ ಕೊಟ್ಟೀರಿ ಮಾರಾಯ್ರ. ಕೂಸಿನ ತಾಯಂದ್ರು ನೀರಿಗಿ ಬಂದಾಗೊಮ್ಮೆ ಕೆಟ್ಟೇ ನಿಂತಿರತೈತಿ" ಎಂದ.

ಆ ಮೋಟಾರ್ ನನಗೆ ಗೊತ್ತು. ಕೆಡುವ ಮಾಲಲ್ಲ.

ವಿಚಾರಿಸಿದರೆ ಸಂಗತಿ ಹೀಗೆ. ಅಕ್ಕನ ಬಾವಿ ಬೆಳಗಾವಿಯಲ್ಲಿ ಪಾಸಾಗಿದೆ ಎಂಬ ಸುದ್ದಿ ಹಬ್ಬಿದ್ದರಿಂದ ಊರಿನ ಬಾಣಂತಿ ಮನೆಗಳವರೆಲ್ಲ ಕೊಡ ಹಿಡಿದು ಬರತೊಡಗಿದ್ದರು, ಕೂಸುಗಳಿಗೆ ಕುದಿಸಿ ಕುಡಿಸಲು. ಅಕ್ಕ ನೀರು ಕೆಟ್ಟದ್ದು ಎಂದು ಹೇಳಲಾರಳು. ಕೊಡಲೂ ಆರಳು. "ಮೋಟಾರ್ ಕೆಟ್ಟೈತಿ, ನನ್ನ ತಮ್ಮಗ ಹೇಳಿ ಹೇಳಿ ಸಾಕಾತು, ಫಿಲ್ಟರ್ ನೀರು ಒಯ್ರಿ" ಎಂದು ಕಳಿಸುತ್ತಿದ್ದಳು. ತಿಪ್ಪೆಯನ್ನೂ ಹೊಲದ ಆಚೆ ಮೂಲೆಗೆ ಸಾಗಿಸಿದ್ದಳು. ಯಾಕೆ ಎಂದು ದಾಜಿ ಕೇಳಿದರೆ, "ದನಾ ತಿರಗಾಕ ಜಾಗಾ ಸಾಲೂದಿಲ್ಲ" ಎಂದಳಂತೆ.

ಆ ವರ್ಷ ಆ ಊರಿಂದ ನನಗೆ ಒಂದು ಮೋಟಾರಿನ ಗಿರಾಕಿಯೂ ಬರಲಿಲ್ಲ. ನಾನು ಯಾರ ಮುಂದೆಯೂ ಮೋಟಾರ್ ಚೆನ್ನಾಗಿದೆ ಎಂದು ಹೇಳಲು ಹೋಗಲಿಲ್ಲ.

ಈಗ ನೀವು ಕೇಳಿ. ನಿಮ್ಮ ಮನೆಯಲ್ಲಿ ಆರು ತಿಂಗಳೊಳಗಿನ ಕೂಸಿದ್ದರೆ ತಾಯಿ ಹಾಲು ಸಾಲುವಷ್ಟು ದಿನ ನೀರಿನ ಗೊಡವೆಯೇ ಬೇಡ. ಪುಡಿ ಹಾಲು ಹಚ್ಚಲೇಬೇಕು ಎಂದಾದರೆ ಬಾವಿ ನೀರನ್ನೂ ಬೋರಿನ ನೀರನ್ನೂ ತಪಾಸಣೆಯಾಗದೆ ಬಳಸಬೇಡಿ, ಎಷ್ಟು ಸಿಹಿಯಾಗಿದ್ದರೂ. ಕುದಿಸಿದರೆ ರೋಗದ ಹುಳು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ಪ್ರಯೋಗಾಲಯದಲ್ಲಿ 'ನೀರು ನೋಡಿ' ಎಂದಷ್ಟೇ ಅಂದರೆ ಗಡಸುತನ, ಉಪ್ಪು ನೋಡಿ ಕಳಿಸುವವರೂ ಇದ್ದಾರೆ. ನೈಟ್ರೇಟ್ ಎಂದು ಹೆಸರು ಹಿಡಿದು ಕೇಳಿ, ಬೆಲೆ ಮೊದಲೇ ಮಾತಾಡಿ. ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ, ತಂಪಾಗಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಮಳೆ ಬಿದ್ದು ನೀರು ರಾಡಿಯಾಗಿದ್ದರೆ ರಾಡಿಯನ್ನೇ ತುಂಬಿ, ನಾಚಿಕೆ ಬೇಡ. ಮಳೆ ನಿಂತ ಮೇಲೆ ಇನ್ನೊಮ್ಮೆ ತುಂಬಿ ಕಳಿಸಿ. ಕೂಸಿನ ತುಟಿ, ಉಗುರು ಕಪ್ಪಿಟ್ಟರೆ ದೃಷ್ಟಿ ತೆಗೆಯುತ್ತ ಕೂಡಬೇಡಿ, ಆ ಕ್ಷಣವೇ ದವಾಖಾನೆಗೆ ಹೋಗಿ, ಯಾವ ನೀರು ಹಾಕಿದಿರಿ ಎಂದು ಅವರು ಕೇಳುವ ಮೊದಲೇ ಹೇಳಿ. ಇನ್ನು ಮನೆಯ ಹಿರಿಯರು ಒಪ್ಪದಿದ್ದರೆ ಬಾವಿಯ ಮೇಲೆ ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಅವರು ಊರಿಗೆ ಹೇಳಿಕೊಳ್ಳಲು ಬೇರೆ ಒಂದು ಕಾರಣ ಹುಡುಕಿಕೊಡಿ, ತಪ್ಪನ್ನು ನಿಮ್ಮ ಹೆಗಲಿಗೆ ತೆಗೆದುಕೊಂಡಾದರೂ ಸರಿ.